ಔಟ್‌ಲ್ಯಾಂಡರೋ, ರಾವ್4 ಪ್ರೈಮೋ?

ಅಮೆರಿಕದಲ್ಲಿ ಈ ಎರಡು ಪ್ಲಗ್-ಇನ್ ಹೈಬ್ರಿಡ್ ಕಾರುಗಳಲ್ಲಿ (ಪ್ಲಗ್ ಹಾಕಿ ಚಾರ್ಜ್ ಮಾಡಬಹುದು, ಪೆಟ್ರೋಲಿನಲ್ಲೂ ಓಡುತ್ತವೆ) ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ನಮ್ಮ ಮನೆಗೆ 2023ರ ಮಿತ್ಸುಬಿಷಿ ಔಟ್‌ಲ್ಯಾಂಡರ್ ಪ್ಲಗ್-ಇನ್ ಬಂದು ಆರು ವಾರ ಆಯಿತು.

ಒಂದು ಚಾರ್ಜಿಗೆ ಬರೀ ಕರೆಂಟಿನಲ್ಲಿ ಇದು 38 ಮೈಲಿ, ಅದೇ ವರ್ಷದ ಟೊಯೋಟಾ ರಾವ್4 ಪ್ರೈಮ್ 42 ಮೈಲಿ. ದಿನದ ಓಡಾಟಕ್ಕೆ ಎರಡೂ ಸಾಕು. ಬ್ಯಾಟರಿ ಖಾಲಿಯಾದ ಮೇಲಾದರೆ ಪ್ರೈಮ್ ಗ್ಯಾಲನ್ ಪೆಟ್ರೋಲಿಗೆ 38 ಮೈಲಿ ಕೊಡುತ್ತದೆ, ನಮ್ಮದು 26. ಪದೇ ಪದೇ ದೂರ ಹೋಗುವವರಿಗೆ ಪ್ರೈಮೇ ಸರಿ.

ಆದರೆ ಮೂರನೇ ಸಾಲಿನ ಸೀಟು ಇರೋದು ಔಟ್‌ಲ್ಯಾಂಡರ್‌ನಲ್ಲಿ. ಊರಿಂದ ಅಪ್ಪ ಅಮ್ಮ ಬಂದಾಗ ಮಕ್ಕಳು ಖುಷಿಯಿಂದ ಹಿಂದೆ ತೂರಿಕೊಂಡರು. ದೊಡ್ಡವರು ಕೂತರೆ ಮಂಡಿ ಎದೆಗೇ ಬರುತ್ತದೆ, ಅಷ್ಟು ಇಕ್ಕಟ್ಟು.

ಮನೆಯಲ್ಲಿ ಚಾರ್ಜ್ ಮಾಡೋಕೆ ಜಾಗವೇ ಇಲ್ವಾ? ಹಾಗಾದರೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ, ಪ್ಲಗ್ ಹಾಕೋದೇ ಬೇಡದ ಮಾಮೂಲಿ ಹೈಬ್ರಿಡ್ ನೋಡಿ.