ಲೈವ್ ರಾಕ್, ಡ್ರೈ ರಾಕ್, ಬಣ್ಣ ಹಚ್ಚಿದ ಕಲ್ಲು: ಯಾವುದು, ಎಷ್ಟು?

ಉಪ್ಪುನೀರಿನ ಅಕ್ವೇರಿಯಂಗೆ ಕಲ್ಲು ಕೊಳ್ಳಲು ಹೊರಟವರ ಕಿವಿಗೆ ಮೊದಲು ಬೀಳುವುದು ‘ಗ್ಯಾಲನ್‌ಗೆ ಒಂದರಿಂದ ಎರಡು ಪೌಂಡ್’ ಎಂಬ ಹಳೆಯ ಲೆಕ್ಕ. ಮೆಟ್ರಿಕ್‌ಗೆ ಇಳಿಸಿದರೆ ಲೀಟರ್‌ಗೆ 120ರಿಂದ 240 ಗ್ರಾಂ. ಅಂದರೆ 200 ಲೀಟರ್ ಟ್ಯಾಂಕ್‌ಗೆ 24ರಿಂದ 48 ಕೆ.ಜಿ. ಇಷ್ಟು ಬೇಡವೇ ಬೇಡ. 48 ಕೆ.ಜಿ. ತುಂಬಿದರೆ ಮೀನಿಗೆ ಈಜಲು ಜಾಗ ಉಳಿಯುವುದಿಲ್ಲ, ಗೋಡೆಯಂತೆ ಪೇರಿಸಿದ ಕಲ್ಲಿನ ಹಿಂದೆ ನೀರು ಹರಿಯುವುದಿಲ್ಲ, ಕಸ ಅಲ್ಲೇ ಕೂತು ಕೊಳೆತು ನೈಟ್ರೇಟ್ ಏರುತ್ತದೆ.

ತೂಕ ನೋಡಿ ಕೊಳ್ಳುವುದೇ ತಪ್ಪು. ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾ ನೆಲೆಸುವುದು ಕಲ್ಲಿನ ಮೇಲ್ಮೈಯಲ್ಲಿ ಮತ್ತು ಸಣ್ಣ ಸಣ್ಣ ರಂಧ್ರಗಳಲ್ಲಿ. ಇಟ್ಟಿಗೆಯಂತೆ ಗಟ್ಟಿಯಾದ ಕಲ್ಲು ಎಷ್ಟು ಭಾರವಿದ್ದರೂ ಕೆಲಸಕ್ಕೆ ಬರುವುದು ಹೊರಮೈ ಮಾತ್ರ. ಪರೀಕ್ಷೆ ಸುಲಭ: ಒಣಗಿದ ತುಂಡೊಂದನ್ನು ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿಟ್ಟು, ಮೇಲಿನ ನೀರು ಒರೆಸಿ ಮತ್ತೆ ತೂಗಿ. ಹೆಚ್ಚಾದ ತೂಕವೇ ಒಳಗೆ ಹಿಡಿದ ನೀರು. ಒಂದು ಕೆ.ಜಿ. ಕಲ್ಲು 150 ಗ್ರಾಂ ಹೀರಿದರೆ ಒಳ್ಳೆಯ ಮಾಲು; 30 ಗ್ರಾಂ ಹೀರಿದ್ದಕ್ಕೆ ಕೆ.ಜಿ. ಲೆಕ್ಕದಲ್ಲಿ ದುಡ್ಡು ಸುರಿಯಬೇಡಿ.

ಸಮುದ್ರದಿಂದ ಬಂದ ಅಸಲಿ ಲೈವ್ ರಾಕ್‌ಗೆ ಸಾಟಿಯಿಲ್ಲ. ಬ್ಯಾಕ್ಟೀರಿಯಾ, ಕಲ್ಲಿಗೆ ಅಂಟಿ ಬೆಳೆಯುವ ನೇರಳೆ ಕೋರಲೈನ್ ಪಾಚಿ, ಕೋಪೆಪಾಡ್ ಎಂಬ ಪುಟ್ಟ ಜಲಜೀವಿಗಳು, ಹುಳುಗಳು ಎಲ್ಲವೂ ಒಟ್ಟಿಗೇ ಬರುತ್ತವೆ. ಬೇಡದವೂ ಬರುತ್ತವೆ: ಐಪ್ಟೇಸಿಯಾ (ಬೇಗ ಹಬ್ಬುವ ಸಣ್ಣ ಕಡಲ ಹೂವು, ಅಂದರೆ ಸೀ ಅನೆಮೊನಿ), ಮ್ಯಾಂಟಿಸ್ ಸೀಗಡಿ, ಹವಳ ತಿನ್ನುವ ಏಡಿ. ಐಪ್ಟೇಸಿಯಾವನ್ನು ಕತ್ತರಿಸಿ ಅಥವಾ ಉಜ್ಜಿ ತೆಗೆಯಲು ಹೋಗಬೇಡಿ, ಉಳಿದ ಚೂರುಗಳಿಂದಲೇ ಮತ್ತೆ ಹುಟ್ಟುತ್ತದೆ. ಸಾಗಣೆಯಲ್ಲಿ ಸತ್ತ ಸ್ಪಂಜು ಕೊಳೆಯುವುದರಿಂದ ನೇರ ಟ್ಯಾಂಕ್‌ಗೆ ಹಾಕುವಂತೆಯೂ ಇಲ್ಲ. ಬೇರೆ ಟಬ್‌ನಲ್ಲಿ 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ಉಪ್ಪುನೀರು, 25–26 ಡಿಗ್ರಿ ಶಾಖ, ನೀರು ಹರಿಸುವ ಜೋರಾದ ಪಂಪ್ (ಪವರ್‌ಹೆಡ್) ಇಟ್ಟು ಹದಗೊಳಿಸಬೇಕು. ಕಪ್ಪಗಾದ, ಕೊಳೆತ ಮೊಟ್ಟೆಯ ವಾಸನೆಯ ಭಾಗ ಕಂಡರೆ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಅಮೋನಿಯಾ ಏರಿದಾಗ ನೀರು ಬದಲಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಸತತ ಕೆಲವು ದಿನ ಸೊನ್ನೆ ತೋರಿಸುವವರೆಗೆ ಕಾಯಿರಿ; ಎರಡರಿಂದ ಆರು ವಾರ ಹಿಡಿಯಬಹುದು. ದೇಶದಿಂದ ದೇಶಕ್ಕೆ ಸಾಗುವ ಲೈವ್ ರಾಕ್ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಒಳಪಡುತ್ತದೆ. ಕಾಗದಪತ್ರವಿಲ್ಲದ ಮಾಲು ಎಷ್ಟೇ ಚೆನ್ನಾಗಿರಲಿ, ಮುಟ್ಟಬೇಡಿ. ಹವಳದ ದಿಬ್ಬ ಒಡೆದು ತಂದ ಕಲ್ಲಿನಿಂದ ಹವಳದ ಟ್ಯಾಂಕ್ ಕಟ್ಟುವುದು ಸರಿಯಲ್ಲ.

ಮಾರ್ಕೋರಾಕ್ಸ್‌ನಂಥ ಬ್ರ್ಯಾಂಡ್‌ಗಳ ಡ್ರೈ ರಾಕ್‌ನಲ್ಲಿ ಬೇಡದ ಜೀವಿಗಳ ಭಯವಿಲ್ಲ, ಒಣಗಿದ್ದಾಗಲೇ ಆರಾಮಾಗಿ ಒಡೆದು ಜೋಡಿಸಬಹುದು. ಕೊರತೆ ಏನೆಂದರೆ ಅದು ಪೂರ್ತಿ ಬರಿದು. ಪೈಪೋಟಿಗೆ ಬೇರೆ ಜೀವಿಗಳಿಲ್ಲದ ಹೊಸ ಟ್ಯಾಂಕ್‌ನಲ್ಲಿ ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿದರೆ ಕಂದು ಲೋಳೆಯಂಥ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಹಬ್ಬುವುದು ಸಾಮಾನ್ಯ. ಬೇರೆಯವರ ಹಳೆ ಟ್ಯಾಂಕ್‌ನ ಕಲ್ಲನ್ನು ಒಣಗಿಸಿ ಮಾರಿದ್ದಾದರೆ ತೊಂದರೆ ತಿರುವುಮುರುವು: ಒಳಗೆ ಸತ್ತದ್ದೆಲ್ಲ ಫಾಸ್ಫೇಟ್ ಆಗಿ ಸೋರುತ್ತದೆ. ಒಂದು ವಾರ ಆರ್‌ಓ ನೀರಲ್ಲಿ ನೆನೆಸಿ ಫಾಸ್ಫೇಟ್ ಅಳೆಯಿರಿ. 0.1 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 0.1 ಭಾಗ) ದಾಟಿದರೆ ನೀರು ಬದಲಿಸಿ ಮತ್ತೆ ನೆನೆಸಿ.

ಬಣ್ಣ ಹಚ್ಚಿದ ಕ್ಯಾರಿಬ್‌ಸೀ ಲೈಫ್ ರಾಕ್ ಈ ಎರಡರ ನಡುವಿನದು. ನೇರಳೆ ಬಣ್ಣ ಮೊದಲ ದಿನದಿಂದಲೇ ಕಣ್ಣಿಗೆ ಹಿತ, ಲೇಪನದಲ್ಲಿ ಬ್ಯಾಕ್ಟೀರಿಯಾ ಇದೆ. ಆದರೆ ಆ ಬಣ್ಣ ಕೋರಲೈನ್ ಅಲ್ಲ, ಸೈಕಲ್ (ಅಮೋನಿಯಾವನ್ನು ನೈಟ್ರೇಟ್ ಮಾಡುವಷ್ಟು ಬ್ಯಾಕ್ಟೀರಿಯಾ ಬೆಳೆಯುವ ಹಂತ) ಮುಗಿಯದೆ ಮೀನು ಬಿಡುವ ಹಾಗಿಲ್ಲ. 2 ಪಿಪಿಎಂ ಅಮೋನಿಯಾ ಹಾಕಿ, 24 ಗಂಟೆಯಲ್ಲಿ ಅದೂ ನೈಟ್ರೈಟೂ ಸೊನ್ನೆಗೆ ಬಂದವೇ ನೋಡಿ.

90×45×50 ಸೆಂ.ಮೀ. ಟ್ಯಾಂಕ್‌ಗೆ, ಅಂದರೆ ಸುಮಾರು 200 ಲೀಟರ್‌ಗೆ, ನಮ್ಮ ಶಿಫಾರಸು: ರಂಧ್ರ ತುಂಬಿದ ಡ್ರೈ ರಾಕ್ 12ರಿಂದ 14 ಕೆ.ಜಿ., ಹದಗೊಳಿಸಿದ ಅಸಲಿ ಲೈವ್ ರಾಕ್ 2ರಿಂದ 3 ಕೆ.ಜಿ. ಆ ಎರಡು ಮೂರು ಕೆ.ಜಿ.ಯಿಂದಲೇ ಉಳಿದದ್ದಕ್ಕೆ ಜೀವ ಹರಡುತ್ತದೆ. ಸಂಪ್ (ನೀರು ಶುದ್ಧೀಕರಿಸುವ ಪಕ್ಕದ ತೊಟ್ಟಿ) ಮತ್ತು ಒಳ್ಳೆಯ ಸ್ಕಿಮ್ಮರ್ (ನೊರೆಯ ಮೂಲಕ ಕಸ ತೆಗೆಯುವ ಸಾಧನ) ಇದ್ದರೆ ಇನ್ನೂ ಕಡಿಮೆ ಸಾಕು. ಇಷ್ಟು ಕಲ್ಲು ಸುಮಾರು 6 ಲೀಟರ್ ನೀರಿನ ಜಾಗ ತಿನ್ನುತ್ತದೆ. ಮೇಲೆ 5 ಸೆಂ.ಮೀ. ಖಾಲಿ ಬಿಟ್ಟರೆ 20 ಲೀಟರ್ ಹೋಯಿತು, ಮರಳಿನದು ಬೇರೆ. ಹಾಗಾಗಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಆಲ್ಕಲಿನಿಟಿ (ಕ್ಷಾರತೆ) ಡೋಸ್‌ಗೆ 200 ಅಲ್ಲ, 170 ಲೀಟರ್ ಎಂದೇ ಲೆಕ್ಕ ಹಿಡಿಯಿರಿ.

ಕಲ್ಲು ಮೊದಲು, ಮರಳು ಆಮೇಲೆ. ಮರಳಿನ ಮೇಲೆ ನಿಲ್ಲಿಸಿದರೆ ಗೋಬಿ ಮೀನೋ ಪಿಸ್ತೂಲ್ ಸೀಗಡಿಯೋ ಬುಡ ತೋಡಿದಾಗ ರಾಶಿಯೇ ಉರುಳಿ ಗಾಜು ಒಡೆಯಬಹುದು. ಪ್ರತಿ ಕಲ್ಲೂ ಮೂರು ಕಡೆ ಊರಿರಲಿ, ಕೈಯಲ್ಲಿ ಅಲುಗಾಡಿಸಿದರೆ ಕದಲಬಾರದು. ಕದಲಿದರೆ ಎಪಾಕ್ಸಿ ಹಾಕಿ. ಗಾಜಿನಿಂದ ಸುತ್ತಲೂ 5ರಿಂದ 8 ಸೆಂ.ಮೀ. ಬಿಡಿ, ಪಾಚಿ ಒರೆಸುವ ಮ್ಯಾಗ್ನೆಟ್ ಸಲೀಸಾಗಿ ಹೋಗಿಬರಬೇಕು.