ಧಾರವಾಡಕ್ಕೆ ಒಂದು ಗಂಟೆ ಸಾಲದು

ಹಾಸನದ ಒಂದು ಟ್ರಾವೆಲ್ಸ್‌ನವರ ಉತ್ತರ ಕರ್ನಾಟಕ ಪ್ಯಾಕೇಜ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ನಾಲ್ಕು ದಿನ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಸಮಾಧಾನವಾಗಿ ತೋರಿಸಿದರು. ಡ್ರೈವರ್ ಒಳ್ಳೆಯವರು, ರೂಮು ಚೊಕ್ಕ. ಅಷ್ಟಕ್ಕೆ ಮೂರು ಸ್ಟಾರ್. ಉಳಿದ ಎರಡು ಹೋದದ್ದು ಧಾರವಾಡದಲ್ಲಿ.

ಅಮ್ಮನ ತವರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಕರ್ನಾಟಕ ಸಂಗೀತದ ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರ ಊರು, ಅಲ್ಲಿ ಸಂಗೀತ ಗೊತ್ತಿಲ್ಲದ ಮನೆ ಹುಡುಕಬೇಕು. ಅಮ್ಮ ಕಲಿತದ್ದು ಕರ್ನಾಟಕ ಸಂಗೀತವೇ. ಆದರೆ ರೇಡಿಯೋದಲ್ಲಿ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ದನಿ ಬಂತು ಅಂದರೆ ಒಲೆ ಆರಿಸಿ ಬಂದು ಕೂತುಬಿಡುತ್ತಿದ್ದರು. ಧಾರವಾಡದಲ್ಲಿರುವ ಮನ್ಸೂರರ ಮನೆ ನೋಡಬೇಕು ಅನ್ನೋದು ಅಮ್ಮನ ಎಷ್ಟೋ ವರ್ಷದ ಆಸೆ. ಬುಕ್ ಮಾಡುವಾಗಲೇ ಇದನ್ನು ಹೇಳಿದ್ದೆ, ಆಗಲಿ ಅಂದಿದ್ದರು. ಅಲ್ಲಿಗೆ ಹೋದಾಗ ಕೊಟ್ಟದ್ದು ಒಂದೇ ಗಂಟೆ, ಅದೂ ಪೇಡ ತಗೊಳ್ಳೋಕೆ. ಲೈನ್ ಬಜಾರಿನ ಕ್ಯೂನಲ್ಲೇ ಮುಕ್ಕಾಲು ಗಂಟೆ ಹೋಯಿತು. ಹುಬ್ಬಳ್ಳಿ ಬರುವ ತನಕ ಅಮ್ಮ ಮಾತಾಡಲಿಲ್ಲ.

ಅದಕ್ಕೇ ಹೇಳ್ತಿದ್ದೀನಿ, ಧಾರವಾಡವನ್ನು ದಾರಿಯ ಮಧ್ಯದ ಸ್ಟಾಪ್ ಮಾಡ್ಕೋಬೇಡಿ. ಮಳೆ ಶುರುವಾದ ಮೇಲೆ ನಾವಿಬ್ಬರೇ ಮತ್ತೆ ಹೋದೆವು, ಎರಡು ರಾತ್ರಿ ಉಳಿದೆವು. ನಮ್ಮ ಕಡೆಯವರು ಅರಸೀಕೆರೆಗೆ ಹೋಗಿ ರೈಲು ಹಿಡಿದರೆ ಸುಲಭ. ಹುಬ್ಬಳ್ಳಿಯಲ್ಲೇ ಇಳಿಯಬೇಕಾಗಿ ಬಂದರೂ ತೊಂದರೆ ಇಲ್ಲ, ಅಲ್ಲಿಂದ ಧಾರವಾಡಕ್ಕೆ ಚಿಗರಿ ಅನ್ನೋ ಬಸ್ಸು ತನಗೇ ಮೀಸಲಾದ ದಾರಿಯಲ್ಲಿ ಓಡುತ್ತದೆ. ರೂಮು ಮಾತ್ರ ಧಾರವಾಡದಲ್ಲೇ ಮಾಡಿ. ಬೆಳಗ್ಗೆ ಆ ಊರಿನ ಬೀದಿಯಲ್ಲಿ ನಡೆಯೋದೇ ಒಂದು ಸುಖ.

ಮನ್ಸೂರರ ಮನೆಯ ಹೆಸರು 'ಮೃತ್ಯುಂಜಯ'. ಈಗ ಅದು ಸ್ಮಾರಕ. ತೆರೆದಿರುತ್ತಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. 1910ರಲ್ಲಿ ಪಕ್ಕದ ಮನಸೂರಿನಲ್ಲಿ ಹುಟ್ಟಿ, ಜೈಪುರ ಅತ್ರೌಳಿ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ಅಪರೂಪದ ರಾಗಗಳನ್ನು ಹಾಡಿ, 1992ರಲ್ಲಿ ತೀರಿಕೊಂಡವರು. ಅಷ್ಟು ದೊಡ್ಡವರ ಮನೆ ಎಷ್ಟು ಸಾದಾ ಇದೆ ಅಂದರೆ, ನಮ್ಮೂರಿನ ಮೇಷ್ಟ್ರ ಮನೆಗೆ ಬಂದ ಹಾಗನ್ನಿಸಿತು. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದವರು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಬೆರಳು ತೊಡೆಯ ಮೇಲೆ ತಾಳ ಹಾಕ್ತಾ ಇತ್ತು. ನಾನು ಏಳಿಸಲಿಲ್ಲ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಹುಟ್ಟಿದ್ದೂ ಇದೇ ಧಾರವಾಡದಲ್ಲಿ, 1913ರಲ್ಲಿ. ಗುರು ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬರ್ತಿದ್ದರು. ಒಂದು ದಿನ ಜಾಸ್ತಿ ಇದ್ದರೆ ಕುಂದಗೋಳವನ್ನೂ ಸೇರಿಸಿಕೊಳ್ಳಿ. ಸೆಪ್ಟೆಂಬರ್ 12 ಮನ್ಸೂರರ ಪುಣ್ಯತಿಥಿ, ಆ ಸುಮಾರಿಗೆ ಹೋಗುವವರು ಕಛೇರಿ ಏನಾದರೂ ಇದೆಯಾ ಅಂತ ಕೇಳಿ.

ಊಟಕ್ಕೆ ಹೋಟೆಲ್ ಬೇಡ, ಖಾನಾವಳಿಗೇ ಹೋಗಿ. ನಾವು ಹೋದ ಕಡೆ ಒಳಗೆ ರೊಟ್ಟಿ ಬಡಿಯುವ ಸದ್ದು ಊಟ ಮುಗಿಯುವ ತನಕ ನಿಲ್ಲಲಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಮೇಲೆ ಶೇಂಗಾ ಹಿಂಡಿ ಅನ್ನೋ ಕಡಲೆಕಾಯಿ ಚಟ್ನಿಪುಡಿಗೆ ಗಟ್ಟಿ ಮೊಸರು. ಮುದ್ದೆ, ಅಕ್ಕಿ ರೊಟ್ಟಿ ತಿಂದು ಬೆಳೆದ ಅಮ್ಮನಿಗೆ ಜೋಳ ಹಿಡಿಸುತ್ತೋ ಇಲ್ಲವೋ ಅಂತ ನನಗೆ ಅಳುಕು. ಬಡಿಸುವ ಅಕ್ಕ ಬಂದು "ಇನ್ನೊಂದು ಹಾಕ್ಲೇನ್ರೀ ಅಮ್ಮಾರ?" ಅಂದಾಗ ಅಮ್ಮ ಬೇಡ ಅನ್ನಲೇ ಇಲ್ಲ, ಮೂರು ರೊಟ್ಟಿ ತಿಂದರು. ಖಾರ ಮಾತ್ರ ನಮ್ಮ ಕಡೆಗಿಂತ ಜಾಸ್ತಿ, ಮಕ್ಕಳಿದ್ದರೆ ಮೊಸರು ಮೊದಲೇ ಹೇಳಿಡಿ. ಸಂಜೆಗೆ ಮಂಡಕ್ಕಿಯ ಗಿರಮಿಟ್ಟು, ಮಿರ್ಚಿ ಬಜ್ಜಿ.

ಪೇಡದ ವಿಷಯ. ಉತ್ತರ ಪ್ರದೇಶದ ಉನ್ನಾವ್‌ನಿಂದ ಪ್ಲೇಗ್ ಕಾಲದಲ್ಲಿ ಬಂದ ಠಾಕೂರ್ ಮನೆತನದವರು ಶುರು ಮಾಡಿದ್ದು, ಈಗ ಆ ಊರಿನದೇ ತಿನಿಸು ಅನ್ನೋ ಜಿಐ ಟ್ಯಾಗ್ ಕೂಡ ಇದೆ. ಖೋವಾವನ್ನು ಕಂದು ಬಣ್ಣ ಬರುವ ತನಕ ಹುರಿದು, ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಬಾಯಿಗಿಟ್ಟರೆ ಮೊದಲು ಸಕ್ಕರೆ ತರಿತರಿ, ಆಮೇಲೆ ಹುರಿದ ಹಾಲಿನ ಘಮ. ಹೊರಡುವ ದಿನ ಬೆಳಗ್ಗೆಯೇ ಕ್ಯೂ ನಿಲ್ಲಿ, ತಾಜಾ ಸಿಗುತ್ತದೆ.

ನಾವು ಒಂದು ಕೆಜಿ ತಂದೆವು. ಅರ್ಧ ರುದ್ರಪಟ್ಟಣಕ್ಕೆ ಹೋಯಿತು.