ಸೀಲ್ ಪ್ಯಾಕ್ ಎಂಬ ಮಾತಿಗೆ ₹4,200 ಹೋಯಿತು: ಮಸಲ್ ಕಾರ್ ಕಿಟ್ ಕೊಳ್ಳುವವರು ದಯವಿಟ್ಟು ಓದಿ

1968ರ ಡಾಡ್ಜ್ ಚಾರ್ಜರ್ ಆರ್‌ಟಿ, 1/25 ಸ್ಕೇಲ್ (ನಿಜ ಕಾರಿನ 25ರಲ್ಲೊಂದು ಪಾಲು ಗಾತ್ರ) ಪ್ಲಾಸ್ಟಿಕ್ ಮಾಡೆಲ್ ಕಿಟ್, "ಸೀಲ್ ಪ್ಯಾಕ್ ಅಣ್ಣ, ಒಳಗೆ ಗಾಳಿ ಸಹ ಹೋಗ್ಲಿಲ್ಲ" ಎಂದು ಯಾರಾದರೂ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ದಯವಿಟ್ಟು ಹಣ ಹಾಕಬೇಡಿ. ಹಾಕುವ ಮೊದಲು ಇದನ್ನು ಪೂರ್ತಿ ಓದಿ. ನನ್ನ ₹4,200 ಹೋಗಿದೆ, ಅದು ಬರುವುದಿಲ್ಲ. ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಇಂಥ ಮಾಡೆಲ್ ಕಿಟ್ ಕಟ್ಟುವವರು ನಾವು ಬೆರಳೆಣಿಕೆಯ ಜನ. ಒಬ್ಬರ ಮೂಲಕ ಒಬ್ಬರಿಗೆ ನಂಬರ್ ಹೋಗುವುದು. ಹಾಗಾಗಿಯೇ ಬರೆಯುತ್ತಿದ್ದೇನೆ, ನಾಚಿಕೆ ಬದಿಗಿಟ್ಟು.

ಹೊಸ ಕಿಟ್ ಯಾಕೆ ತರಿಸಲಿಲ್ಲ ಎಂದು ಕೇಳಬೇಡಿ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ 20ರಿಂದ 60 ಶೇಕಡಕ್ಕೆ ಏರಿತು, 2023ರಲ್ಲಿ 70 ಆಯಿತು. ಸ್ಕೇಲ್ ಮಾಡೆಲ್ ಕೂಡ ಅದೇ ಲೆಕ್ಕದಲ್ಲಿ ಬರುತ್ತದೆ. ಅದರ ಮೇಲೆ ಸಾಗಣೆ, ಜಿಎಸ್‌ಟಿ. ಆದ್ದರಿಂದ ಯಾರದ್ದೋ ಕಪಾಟಿನಲ್ಲಿ ಕೂತ ಕಿಟ್‌ಗೆ ನಾವೆಲ್ಲ ಕಾಯುವುದು. ಮಾರುವವರಿಗೂ ಅದು ಚೆನ್ನಾಗಿ ಗೊತ್ತುಂಟು.

ನನಗೆ ಮಾರಿದವರ ಮಾತು ನಮ್ಮ ಕಡೆಯದೇ. ಮಂಗಳೂರು ಕನ್ನಡ, ನಡುನಡುವೆ ಒಂದೆರಡು ತುಳು. ಗಡಿಯಲ್ಲಿರುವ ನಮಗೆ ಎದುರಿನವರು ನಮ್ಮ ಭಾಷೆ ಆಡಿದರೆ ಅರ್ಧ ಪರಿಶೀಲನೆ ಅಲ್ಲಿಗೇ ಮುಗಿಯುತ್ತದೆ. ನನಗೂ ಹಾಗೆಯೇ ಆಯಿತು. ಮೂರು ಫೋಟೊ ಬಂತು: ಪೆಟ್ಟಿಗೆಯ ಮೇಲ್ಭಾಗ, ಒಂದು ಪಕ್ಕ, ಒಂದು ತುದಿ. ಒಳಗಿನ ಸ್ಪ್ರೂಗಳ (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟುಗಳ) ಫೋಟೊ ಬೇಕು ಎಂದೆ. "ಸೀಲ್ ಒಡೆದ್ರೆ ಬೆಲೆ ಹೋಗ್ತದಲ್ಲ ಅಣ್ಣ, ನಿಮಗೇ ನಷ್ಟ" ಎಂದು ಉತ್ತರ. ಆ ಮಾತು ಸರಿ ಎಂದೇ ಕಂಡಿತು. ಪೆಟ್ಟಿಗೆಯ ತಳದ ಫೋಟೊ ಕೇಳಲು ಹೊಳೆಯಲಿಲ್ಲ. ತಳದಲ್ಲೇ ಎಲ್ಲ ಇದ್ದದ್ದು. ಪ್ಲಾಸ್ಟಿಕ್ ಹೊದಿಕೆಯ ಬೆಸುಗೆ ಅಲ್ಲಿ ಅಂಕುಡೊಂಕು, ಮೂಲೆಗಳಲ್ಲಿ ಕರಗಿ ಗುಳ್ಳೆ ಎದ್ದಿತ್ತು, ಹೊದಿಕೆಯ ಅಡಿಯಲ್ಲಿ ರಟ್ಟಿನ ಮೇಲೆ ಹಳೆಯ ಟೇಪ್ ಕಿತ್ತ ಕಲೆ. ಶ್ರಿಂಕ್ ಫಿಲ್ಮ್ ಅಂಗಡಿಯಲ್ಲಿ ಸಿಗುತ್ತದೆ, ಹೇರ್ ಡ್ರೈಯರ್ ಮನೆಯಲ್ಲಿರುತ್ತದೆ. ಸೀಲ್ ಎಂದರೆ ಅಷ್ಟೇ, ಹತ್ತು ನಿಮಿಷದ ಕೆಲಸ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಗಾಲದಲ್ಲಿ) ಪಾರ್ಸೆಲ್ ಬಂತು. ನಮ್ಮ ಕರಾವಳಿಯಲ್ಲಿ ಆಗ ಸ್ಪ್ರೇ ಮಾಡುವ ಪ್ರಶ್ನೆಯೇ ಇಲ್ಲ. ಗಾಳಿಯ ತೇವ ಪೇಂಟ್‌ನ ಮೇಲೆ ಕೂತು ಲ್ಯಾಕರ್ ಬೆಳ್ಳಗೆ ಮಂಜು ಹಿಡಿಯುತ್ತದೆ, ಹೊಳಪು ಹೋಗುತ್ತದೆ. ರಿಟಾರ್ಡರ್ ಹಾಕಿ ಒಣಗುವುದನ್ನು ನಿಧಾನ ಮಾಡಿದರೂ ಆ ಮಳೆಯಲ್ಲಿ ನಂಬಿಕೆ ಇಲ್ಲ. "ನವರಾತ್ರಿ ಕಳೀಲಿ ಅಣ್ಣ, ಬಿಸಿಲು ಬಂದ ಮೇಲೆ ತೆಗೀರಿ, ಅಲ್ಲಿವರೆಗೆ ಸೀಲ್ ಇರ್ಲಿ" ಎಂದು ಮಾರಿದವರೇ ಹೇಳಿದರು. ಕಾಳಜಿಯಿಂದ ಹೇಳಿದರು ಎಂದುಕೊಂಡೆ. ಎರಡೂವರೆ ತಿಂಗಳು ಪೆಟ್ಟಿಗೆ ಕಪಾಟಿನಲ್ಲಿ ಕೂತಿತು. ಈ ಎರಡೂವರೆ ತಿಂಗಳೇ ಅವರಿಗೆ ಬೇಕಾಗಿದ್ದದ್ದು. ಪೇಂಟ್‌ಗೆ ಬಿಸಿಲು ಬೇಕು, ಸರಿ. ಭಾಗಗಳನ್ನು ಎಣಿಸಲು ಬಿಸಿಲು ಯಾಕೆ ಬೇಕು? ಬಾಡಿಯನ್ನು ಶಾಸಿಯ (ಚಕ್ರಗಳು ಕೂರುವ ತಳಭಾಗದ) ಮೇಲಿಟ್ಟು ನೋಡಲು ಬಿಸಿಲು ಯಾಕೆ ಬೇಕು? ಇದು ಆಗ ತಲೆಗೆ ಹೋಗಲೇ ಇಲ್ಲ.

ತೆರೆದಾಗ ಮೊದಲು ಕಂಡದ್ದು ಚೀಲಗಳು. ಕಂಪನಿಯ ಚೀಲ ಸುತ್ತ ಬೆಸೆದಿರುತ್ತದೆ, ಹರಿಯದೆ ತೆರೆಯಲು ಬರುವುದಿಲ್ಲ. ಇಲ್ಲಿದ್ದದ್ದು ದಿನಸಿ ಅಂಗಡಿಯ ಜಿಪ್ ಚೀಲ. ಎಂಜಿನ್ ಭಾಗಗಳಲ್ಲಿ ಅರ್ಧ ಸ್ಪ್ರೂನಿಂದ ಕತ್ತರಿಸಿ ಬಿಡಿಬಿಡಿಯಾಗಿ ಬಿದ್ದಿದ್ದವು, ಕತ್ತರಿಸಿದ ಕಡೆ ಸೈಡ್ ಕಟರ್ ಒತ್ತಿದ ಬಿಳಿ ಗೆರೆ. ಸೂಚನಾ ಹಾಳೆಯಲ್ಲಿ 440 ಮ್ಯಾಗ್ನಂ ಎಂಜಿನ್, ಚೀಲದಲ್ಲಿ ಬೇರೊಂದು ಎಂಜಿನ್ ಆದ 426 ಹೆಮಿಯ ವಾಲ್ವ್ ಕವರ್ (ಎಂಜಿನ್‌ನ ಮೇಲಿನ ಮುಚ್ಚಳ). ಇದನ್ನು ಗುರುತಿಸಲು ಕಷ್ಟವಿಲ್ಲ: ಹೆಮಿಯ ಕವರ್ ಅಗಲ, ಸ್ಪಾರ್ಕ್ ಪ್ಲಗ್ ವೈರ್ ಕವರ್‌ನ ನಡುವಿನಿಂದಲೇ ಇಳಿಯುತ್ತದೆ. 440ರದ್ದು ಸಪೂರ, ಪ್ಲಗ್‌ಗಳು ಹೊರಗೆ ಪಕ್ಕದಲ್ಲಿ.

ಕ್ರೋಮ್ ಮರ (ಬೆಳ್ಳಿ ಹೊಳಪಿನ ಭಾಗಗಳಿರುವ ಸ್ಪ್ರೂ) ತೆಗೆದು ನೋಡಿದರೆ ಗ್ರಿಲ್‌ನ ನಡುವೆ ನಿಂತ ಪಟ್ಟಿ. 1968ರ ಚಾರ್ಜರ್‌ಗೆ ಆ ಪಟ್ಟಿ ಇಲ್ಲ. ಅದರ ಗ್ರಿಲ್ ಈ ತುದಿಯಿಂದ ಆ ತುದಿಗೆ ಒಂದೇ ಕಪ್ಪು ಬಾಯಿ, ಹೆಡ್‌ಲೈಟ್ ಮುಚ್ಚಳದ ಹಿಂದೆ. ನಡುವಿನ ಪಟ್ಟಿ ಬಂದದ್ದು 1969ರಲ್ಲಿ. ಹಿಂದಿನ ದೀಪವೂ ಹಾಗೆ. 68ಕ್ಕೆ ನಾಲ್ಕು ದುಂಡು ದೀಪ, 69ಕ್ಕೆ ಎರಡು ಉದ್ದ ದೀಪ. ಪೆಟ್ಟಿಗೆಯಲ್ಲಿದ್ದ ಕೆಂಪು ಪಾರದರ್ಶಕ ಭಾಗಗಳು ಉದ್ದನೆಯವು, ಬಾಡಿಯ ತೂತುಗಳು ದುಂಡಗಿನವು. ಬಾಡಿ ಒಂದು ವರ್ಷದ್ದು, ಕ್ರೋಮ್ ಇನ್ನೊಂದು ವರ್ಷದ್ದು. ಇಷ್ಟಾದರೂ, ಕಂಪನಿಯವರೇ ಮರ ಬದಲಾಯಿಸಿ ಹಾಕಿರಬಹುದು ಎಂದು ಮನಸ್ಸು ಸಮಾಧಾನ ಹುಡುಕುತ್ತಿತ್ತು.

ಸಮಾಧಾನ ಮುರಿದದ್ದು ಶಾಸಿಯಲ್ಲಿ. ಬಾಡಿಯನ್ನು ಇಳಿಸಿದರೆ ಕೂರುವುದಿಲ್ಲ. ಬಾಗಿಲ ಕೆಳಗಿನ ಅಂಚು ಎರಡೂ ಕಡೆ ಹೊರಗೆ ಉಬ್ಬುತ್ತದೆ. ಪ್ಲಾಸ್ಟಿಕ್ ಸೊಟ್ಟಗಾಗಿದೆ ಎಂದುಕೊಂಡೆ. ಅದು ಸಾಮಾನ್ಯ, ಬಿಸಿ ನೀರಿನಲ್ಲಿ ಅದ್ದಿ ಮೆಲ್ಲಗೆ ಒತ್ತಿ ಹಿಡಿದರೆ ಸರಿಯಾಗುತ್ತದೆ. ಆಗಲಿಲ್ಲ. ಹಾಗಾದರೆ ಅಚ್ಚಿನ ಅಂಚು ದಪ್ಪ ಉಳಿದಿದೆ ಎಂದುಕೊಂಡು 240ರ ಸ್ಯಾಂಡ್‌ಪೇಪರ್ ತೆಗೆದು ಶಾಸಿಯ ಎರಡೂ ಪಕ್ಕ ಉಜ್ಜಿದೆ. ಉಜ್ಜಿದೆ! ಒಂದೊಂದು ಕಡೆ ಸುಮಾರು ಒಂದೂವರೆ ಮಿಲಿಮೀಟರ್. ಆಗ ಕೂತಿತು. ಹಿಂದಿನ ಚಕ್ರ ಕಮಾನಿನ ಸರಿಯಾಗಿ ನಡುವೆ ಬಂತು. ಮುಂದೆ ನೋಡಿದರೆ ಚಕ್ರ ಕಮಾನಿನ ಮುಂಭಾಗಕ್ಕೆ ಒರೆಸುತ್ತಿದೆ. ಆಮೇಲೆ ಅಳತೆ ಮಾಡುವ ವರ್ನಿಯರ್ ತೆಗೆದೆ. ಮೊದಲೇ ತೆಗೆಯಬೇಕಿತ್ತು.

ಲೆಕ್ಕ ಸರಳ. ಆ ಚಾರ್ಜರ್‌ನ ವೀಲ್‌ಬೇಸ್ (ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗಿರುವ ದೂರ) 117 ಇಂಚು, ಅಂದರೆ 2972 ಮಿ.ಮೀ. ಅದನ್ನು 25ರಿಂದ ಭಾಗಿಸಿದರೆ 119 ಮಿ.ಮೀ. 24ರಿಂದ ಭಾಗಿಸಿದರೆ 124. ಬಾಡಿಯ ಕಮಾನಿನ ನಡುವಿನಿಂದ ಕಮಾನಿನ ನಡುವಿಗೆ 119. ಶಾಸಿಯಲ್ಲಿ ಆಕ್ಸಲ್‌ನಿಂದ ಆಕ್ಸಲ್‌ಗೆ 124. ಬಾಡಿ 1/25, ಶಾಸಿ 1/24. ಎರಡು ಬೇರೆ ಬೇರೆ ಕಿಟ್‌ನ ಉಳಿಕೆಗಳನ್ನು ಒಂದು ಪೆಟ್ಟಿಗೆಗೆ ತುಂಬಿ, ಹೊದಿಕೆ ಸುತ್ತಿ, ಸೀಲ್ ಪ್ಯಾಕ್ ಎಂದು ಮಾರಿದ್ದಾರೆ. ಅಗಲದಲ್ಲಿ ಬರುವ 3 ಮಿ.ಮೀ. ವ್ಯತ್ಯಾಸವನ್ನೇ ನಾನು ಕೈಯಾರೆ ಉಜ್ಜಿ ತೆಗೆದದ್ದು. ಮೇಜಿನ ಮೇಲೆ ಬಿಳಿ ಪುಡಿ ಬಿದ್ದಿತ್ತು. ಅದನ್ನು ನೋಡುತ್ತ ಕೂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇಷ್ಟು ಕಿಟ್ ಕಟ್ಟಿದ ಕೈ ಅಳತೆ ಹಿಡಿಯದೆ ಪೇಪರ್ ಹಿಡಿಯಿತಲ್ಲ ಎಂದು.

ಇನ್ನು ಅವರ ಉತ್ತರಗಳು. ಒಂದೂ ಬಿಡದೆ ಹಾಕುತ್ತೇನೆ, ನಾಳೆ ನಿಮಗೂ ಇದೇ ಬರುತ್ತದೆ.

ಮೊದಲು: "ಎಲ್ಲಾ ಮಾಡೆಲ್‌ನಲ್ಲೂ ಸ್ವಲ್ಪ ಹೆಚ್ಚು ಕಮ್ಮಿ ಇರ್ತದೆ ಅಣ್ಣ, ಫೈಲ್ ಹೊಡೀರಿ ಕೂತ್ಕೊಳ್ತದೆ." ವೀಲ್‌ಬೇಸ್‌ನ 5 ಮಿ.ಮೀ. ಫೈಲ್ ಹೊಡೆಯುವ ವ್ಯತ್ಯಾಸವಲ್ಲ ಮಾರಾಯ್ರೆ. ನಿಜವಾದ ಕಾರಿನಲ್ಲಿ ಅದು ಹನ್ನೆರಡೂವರೆ ಸೆಂಟಿಮೀಟರ್.

ಅಳತೆಯ ಫೋಟೊ ಕಳಿಸಿದೆ. "ನನಗೆ ಅದೆಲ್ಲ ಗೊತ್ತಿಲ್ಲ, ನನಗೆ ಬಂದ ಹಾಗೆ ಕೊಟ್ಟದ್ದು. ಸೀಲ್ ನಾನು ಮುಟ್ಟಿಲ್ಲ."

ತಳದ ಬೆಸುಗೆಯ ಫೋಟೊ ಕಳಿಸಿದೆ. ಒಂದು ದಿನ ಉತ್ತರವಿಲ್ಲ. ಮರುದಿನ: "ಎರಡೂವರೆ ತಿಂಗಳು ಇಟ್ಕೊಂಡು ಈಗ ಹೇಳಿದ್ರೆ ಹೇಗೆ? ನೀವೇ ಒಳಗಿನದ್ದು ಬದಲಾಯಿಸಿಲ್ಲ ಅಂತ ಏನು ಗ್ಯಾರಂಟಿ?" ಬಿಸಿಲು ಬರುವವರೆಗೆ ತೆಗೆಯಬೇಡಿ ಎಂದು ಹೇಳಿದ್ದು ಇದೇ ಮನುಷ್ಯ.

ಕೊನೆಗೆ: "ಶಾಸಿ ಉಜ್ಜಿದ್ದೀರಲ್ಲ ಅಣ್ಣ, ಫೋಟೊದಲ್ಲಿ ಕಾಣ್ತದೆ. ಉಜ್ಜಿದ ಮಾಲು ವಾಪಸ್ ಇಲ್ಲ. ಒಂದು ಆಟದ ಸಾಮಾನಿಗೆ ಇಷ್ಟು ಗಲಾಟೆಯಾ?" ಆಮೇಲೆ ಬ್ಲಾಕ್.

ಆ ಕೊನೆಯ ಉತ್ತರಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉಜ್ಜಿದ್ದು ನಿಜ. ಸಾಕ್ಷಿಯನ್ನು ನಾನೇ ಕೆಡಿಸಿದ್ದೆ. ಕೂರದ ಭಾಗವನ್ನು ಉಜ್ಜಬೇಡಿ, ಕತ್ತರಿಸಬೇಡಿ, ಅಂಟು ಹಚ್ಚಬೇಡಿ. ಮೊದಲು ಅಳೆಯಿರಿ, ಸ್ಟೀಲ್ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ.

ಆ ಪೆಟ್ಟಿಗೆಯ ಉಳಿದ ಅವಸ್ಥೆಯನ್ನೂ ಹೇಳಬೇಕು, ಯಾಕೆಂದರೆ ಹಳೆಯ ಕಿಟ್ ಕೊಳ್ಳುವ ಎಲ್ಲರಿಗೂ ಇದು ಎದುರಾಗುತ್ತದೆ. ಟಯರ್‌ಗಳು ಗಾಜಿನ ಭಾಗಗಳ (ಅವೂ ಪಾಲಿಸ್ಟೈರಿನ್ ಪ್ಲಾಸ್ಟಿಕ್ಕೇ) ಜೊತೆ ಒಂದೇ ಚೀಲದಲ್ಲಿದ್ದವು. ಟಯರ್ ವಿನೈಲ್. ಅದನ್ನು ಮೆತ್ತಗೆ ಇಡುವ ಎಣ್ಣೆಯಂಥ ರಾಸಾಯನಿಕ ವರ್ಷಗಟ್ಟಲೆ ಮೆಲ್ಲನೆ ಹೊರಬಂದು ಪಾಲಿಸ್ಟೈರಿನ್ ಅನ್ನು ತಿನ್ನುತ್ತದೆ. ನಮ್ಮ ಸೆಕೆಗೆ, ಶೀಟಿನ ಮಾಡಿನ ಅಡಿಯಲ್ಲಿ, ಇನ್ನೂ ಬೇಗ. ಮುಂದಿನ ಗಾಜಿನ ಮೇಲೆ ಟಯರ್‌ನ ಹಲ್ಲಿನ ಗುರುತು ಅಚ್ಚೊತ್ತಿ ಕರಗಿತ್ತು. ಮೇಲ್ಮೈಯಲ್ಲಿ ಮಾತ್ರ ಇದ್ದರೆ 1000, 2000 ಪೇಪರ್ ನೀರು ಹಾಕಿ ಉಜ್ಜಿ, ಪಾಲಿಶ್ ಹಚ್ಚಿ ತೆಗೆಯಬಹುದು. ಇದು ಆಳ, ಹೋಗುವುದಿಲ್ಲ. ಡೆಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಹಾಳೆ ಹಳದಿ, ಹಿಂಭಾಗ ಸುತ್ತುವ ಬಿಳಿಯ ಜೋಡಿ ಬಂಬಲ್‌ಬೀ ಪಟ್ಟೆ ಅರಸಿನ ಹಚ್ಚಿದಂತಿದೆ. ಹಳದಿಗೆ ಮದ್ದುಂಟು: ಹಾಳೆಯನ್ನು ಗಾಳಿಯಾಡದ ಚೀಲದಲ್ಲಿಟ್ಟು ಕಿಟಕಿಯ ಗಾಜಿಗೆ ಅಂಟಿಸಿ ಬಿಸಿಲಿಗೆ ಬಿಟ್ಟರೆ ವಾರಗಳಲ್ಲಿ ತಿಳಿಯಾಗುತ್ತದೆ. ಬಿರುಕು ಬಿಟ್ಟಿದ್ದರೆ ಮೇಲೆ ಡೆಕಲ್ ಫಿಲ್ಮ್ ದ್ರವ ಒಂದು ಕೋಟ್ ಹಚ್ಚದೆ ನೀರಿಗೆ ಹಾಕಬಾರದು, ಚೂರುಚೂರಾಗಿ ತೇಲುತ್ತದೆ.

ಬಾಡಿಯೂ ಹೊಸದಲ್ಲ. ಬಾಗಿಲಿನ ಗೆರೆಗಳ ಆಳದಲ್ಲಿ ಕೆಂಪು ಪೇಂಟ್ ಉಳಿದಿತ್ತು. ಒಮ್ಮೆ ಬಳಿದು, ಥಿನ್ನರ್‌ನಿಂದಲೋ ಏನೋ ತೆಗೆದದ್ದು. ಬಲವಾದ ಥಿನ್ನರ್ ತಾಗಿದ ಪಾಲಿಸ್ಟೈರಿನ್ ಮೇಲ್ಮೈಯಲ್ಲಿ ಒಣಗಿದ ಗದ್ದೆಯಂತೆ ಸೂಕ್ಷ್ಮ ಬಿರುಕು ಬರುತ್ತದೆ. ಬರಿಗಣ್ಣಿಗೆ ಕಾಣದು, ಪ್ರೈಮರ್ ಬಿದ್ದ ಕೂಡಲೇ ಎದ್ದು ನಿಲ್ಲುತ್ತದೆ. ಮುಂದಿನ ಗಾಜಿನ ಎಡ ಕಂಬ ಮುರಿದು ಫೆವಿಕ್ವಿಕ್‌ನಲ್ಲಿ ಅಂಟಿಸಿದ್ದರು, ಸುತ್ತ ಬಿಳಿ ಹೊಗೆಯ ಕಲೆ.

ಆದ್ದರಿಂದ, ಕೊಳ್ಳುವ ಮೊದಲು ಕೇಳಬೇಕಾದ್ದು: ಪೆಟ್ಟಿಗೆಯ ತಳದ ಫೋಟೊ. ಎಲ್ಲ ಸ್ಪ್ರೂಗಳನ್ನು ಹರಡಿ ಒಂದು ಫೋಟೊ. ಬಾಡಿ ಮತ್ತು ಶಾಸಿ ಎರಡರ ಪಕ್ಕದಲ್ಲೂ ಸ್ಟೀಲ್ ಸ್ಕೇಲ್ ಇಟ್ಟು ಒಂದೊಂದು. ಸೀಲ್ ಒಡೆದರೆ ಬೆಲೆ ಹೋಗುತ್ತದೆ ಎಂದರೆ ಹೋಗಲಿ ಬಿಡಿ, ನಾವು ಕಟ್ಟುವವರು, ಸೀಲ್ ಇಟ್ಟು ಪೂಜೆ ಮಾಡುವವರಲ್ಲ. ಕಿಟ್ ಕಂಪನಿಗಳಲ್ಲಿ ಎಎಂಟಿ, ಎಂಪಿಸಿ ಹೆಚ್ಚಾಗಿ 1/25, ಹಳೆಯ ಮೊನೊಗ್ರಾಂ 1/24, ರೆವೆಲ್ ಹೆಸರಿನಲ್ಲಿ ಎರಡೂ ಬರುತ್ತವೆ. ಹಾಗಾಗಿ ಹೆಸರು ನೋಡಿ ಸ್ಕೇಲ್ ಊಹಿಸಬೇಡಿ. ಪಾರ್ಸೆಲ್ ಬಂದ ದಿನವೇ, ಎಷ್ಟೇ ಮಳೆ ಇರಲಿ, ಕೊರಿಯರ್ ಚೀಟಿ ಕಾಣುವಂತೆ ವಿಡಿಯೊ ಮಾಡುತ್ತ ತೆಗೆಯಿರಿ. ಸೂಚನಾ ಹಾಳೆಯ ಸಂಖ್ಯೆಗೆ ಹಾಕಿ ಭಾಗ ಎಣಿಸಿ, ಮಾಸ್ಕಿಂಗ್ ಟೇಪ್‌ನಲ್ಲಿ ಬಾಡಿ, ಶಾಸಿ, ಚಕ್ರ ನಿಲ್ಲಿಸಿ ನೋಡಿ. ಟಯರ್ ಬೇರೆ ಚೀಲಕ್ಕೆ ಹಾಕಿ. ಪೇಂಟ್ ತುಲಾ ತಿಂಗಳವರೆಗೆ (ಅಕ್ಟೋಬರ್-ನವೆಂಬರ್) ಕಾಯಲಿ.

ಮೋಸ ಗೊತ್ತಾದ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಆಚೆ ಖಾತೆಗೆ ಹೋಗುವ ಮೊದಲು ತಡೆಯುವುದು ಸಾಧ್ಯವಾದರೆ ಆಗ ಮಾತ್ರ. ಎರಡೂವರೆ ತಿಂಗಳ ನಂತರ ನಾನು ಕೊಟ್ಟ ದೂರು ದಾಖಲೆಗೆ ಆಯಿತು, ಅಷ್ಟೆ.

ಇಷ್ಟು ತುರ್ತಾಗಿ ಬರೆದದ್ದಕ್ಕೆ ಕಾರಣವುಂಟು. ನಿನ್ನೆ ಗೆಳೆಯರೊಬ್ಬರು ಒಂದು ಫೋಟೊ ಕಳಿಸಿ "ತಗೊಳ್ಳಬಹುದಾ?" ಎಂದು ಕೇಳಿದರು. 1970ರ ಪ್ಲಿಮತ್ "ಹೆಮಿ ಕೂಡಾ" (Hemi 'Cuda) ಕಾರು, 1/25, ಸೀಲ್ ಪ್ಯಾಕ್, ₹4,500. ನಂಬರ್ ಬೇರೆ. ಅಡಿಯಲ್ಲಿ ಹಾಸಿದ ನೀಲಿ ಚೌಕುಳಿಯ ಮೇಜುಬಟ್ಟೆ ನನಗೆ ಬಂದ ಫೋಟೊದಲ್ಲಿದ್ದದ್ದೇ. ನಿಮ್ಮಲ್ಲಿ ಯಾರಿಗಾದರೂ ಆ ಫೋಟೊ ಬಂದಿದ್ದರೆ ತಳದ ಫೋಟೊ ಕೇಳಿ, ಶಾಸಿಯ ಅಳತೆ ಕೇಳಿ. ಆ ಕಾರಿನ ವೀಲ್‌ಬೇಸ್ 108 ಇಂಚು. 1/25 ಆದರೆ 110 ಮಿ.ಮೀ. ಬರಬೇಕು. 114 ಬಂದರೆ ಅದು 1/24ರದ್ದು.